ಮೋಟಾರಿನ ಕಾಗದ, ಮನೆಯ ಪತ್ರ

ಭದ್ರಾವತಿಯ ಹಳೇನಗರದಲ್ಲಿ ಸಂಜೆಯ ಹೊತ್ತು ಹೊಳೆಯ ಸೇತುವೆಯ ಬಳಿ ಅರ್ಧ ಗಳಿಗೆ ನಿಂತವರಿಗೆ ವಾಹನಗಳ ಪ್ರವಾಹವೆಂದರೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೆಳಗೆ ಭದ್ರೆ ತನ್ನ ಪಾಡಿಗೆ ತಾನು ಹರಿಯುತ್ತಾಳೆ. ಮೇಲೆ ಬಸ್ಸು, ಲಾರಿ, ಆಟೋರಿಕ್ಷಾ, ಮೂವರನ್ನು ಹೊತ್ತ ಮೋಟಾರು ಸೈಕಲ್ಲು ಒಂದನ್ನೊಂದು ನೂಕಿಕೊಂಡು ಹರಿಯುತ್ತವೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವುಳ್ಳ ಈ ಊರು ಬೆಂಕಿಪುರವೆನಿಸಿಕೊಂಡಿದ್ದ ದಿನಗಳಲ್ಲಿ ಎತ್ತಿನ ಗಾಡಿಯೇ ಇಲ್ಲಿಯ ವಾಹನವಾಗಿದ್ದಿರಬೇಕು. ಅನಂತರ ಕಬ್ಬಿಣದ ಕಾರ್ಖಾನೆ ಬಂದಿತು, ಕಾಗದದ ಕಾರ್ಖಾನೆ ಬಂದಿತು. ಅವುಗಳ ಬೆನ್ನ ಹಿಂದೆಯೇ ಲಾರಿಗಳೂ ಬಂದವು.

ಈ ವಾಹನಗಳಲ್ಲಿ ಒಂದೊಂದಕ್ಕೂ ವಿಮೆಯ ಕಾಗದವೊಂದು ಇರತಕ್ಕದ್ದೆಂದು ಕಾನೂನು ವಿಧಿಸಿದೆ. ಬ್ರಿಟಿಷ್ ಇಂಡಿಯಾದಲ್ಲಿ 1939ರ ಮೋಟಾರು ವಾಹನಗಳ ಕಾಯಿದೆಯೊಳಗಿನ ವಿಮೆಯ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂದಿತು. ಇಂದು ನಡೆಯುತ್ತಿರುವುದು 1988ರ ಕಾಯಿದೆ. ವಾಹನದಿಂದ ದಾರಿಹೋಕನ ಪ್ರಾಣಕ್ಕೋ ಅಂಗಕ್ಕೋ ಕೇಡಾದರೆ ಅವನ ಸಂಸಾರ ಬೀದಿಗೆ ಬೀಳಬಾರದೆಂಬುದೇ ಅದರ ಉದ್ದೇಶ. ಆದರೆ ಜನ ಆ ಕಾಗದವನ್ನು ಕಾಣುವ ರೀತಿಯೇ ಬೇರೆ. ಆಯುಧಪೂಜೆಯ ನಿಂಬೆಹಣ್ಣಿನಂತೆ ಅದೂ ಒಂದು ರಕ್ಷೆ. ಅದೊಂದಿದ್ದರಾಯಿತು, ಏನೇ ಆದರೂ ಕಂಪನಿಯವರು ಕೊಟ್ಟುಕೊಳ್ಳುತ್ತಾರೆ ಎಂಬುದು ಸಾಮಾನ್ಯರ ನಂಬಿಕೆ. ಇದು ಅರ್ಧ ನಿಜ. ಉಳಿದರ್ಧದಲ್ಲಿಯೇ ಅಪಾಯವಿರುವುದು.

ಕುಡಿದು ವಾಹನ ನಡೆಸಿ ಸಿಕ್ಕಿಬಿದ್ದವನಿಗೆ ಮರುವರ್ಷದ ವಿಮೆಯ ಕಂತು ಏರುವುದೆ? ಅಮೆರಿಕದಲ್ಲಾದರೆ ಏರುತ್ತದೆ, ಅದೂ ಬಹು ಕಠಿಣವಾಗಿ. 1927ರಲ್ಲಿಯೇ ಮ್ಯಾಸಚೂಸೆಟ್ಸ್ ರಾಜ್ಯ ಮೋಟಾರು ವಿಮೆಯನ್ನು ಕಡ್ಡಾಯಗೊಳಿಸಿದ ದೇಶವದು. ಕ್ಯಾಲಿಫೋರ್ನಿಯದಲ್ಲಿ ಇಂಜಿನಿಯರಾಗಿರುವ ನಮ್ಮ ಕಡೆಯ ಹುಡುಗನೊಬ್ಬ ಒಂದು ರಾತ್ರಿ ಪಾನಗೋಷ್ಠಿಯಿಂದ ತಾನೇ ಕಾರು ನಡೆಸಿಕೊಂಡು ಹೊರಟು ಪೋಲೀಸರ ಕೈಗೆ ಸಿಕ್ಕಿ ಶಿಕ್ಷೆಗೊಳಗಾದನೆಂದಿಟ್ಟುಕೊಳ್ಳಿ. ಲೈಸೆನ್ಸು ಮರಳಬೇಕಾದರೆ ‘ಎಸ್‌ಆರ್-22’ ಎಂಬ ಪ್ರಮಾಣಪತ್ರವನ್ನು ವಿಮಾ ಕಂಪನಿ ಸರ್ಕಾರಕ್ಕೆ ಸಲ್ಲಿಸಬೇಕು. ಸಾಮಾನ್ಯವಾಗಿ ಮೂರು ವರ್ಷ ಅದು ಕಡಿಯದೆ ನಡೆಯಬೇಕು. ನಡುವೆ ವಿಮೆ ನಿಂತಿತೋ, ಕಂಪನಿಯೇ ವರದಿ ಮಾಡುತ್ತದೆ, ಲೈಸೆನ್ಸು ಮತ್ತೆ ಹೋಗುತ್ತದೆ. ಒಳ್ಳೆಯ ಚಾಲಕರಿಗೆ ದೊರೆಯುವ ರಿಯಾಯಿತಿಯಂತೂ ಹತ್ತು ವರ್ಷ ಅವನ ಪಾಲಿಗಿಲ್ಲ.

ನಮ್ಮಲ್ಲಿ ಹಾಗಿಲ್ಲ. ಮೂರನೆಯವರ ಹಾನಿಗೆ ಕಟ್ಟುವ ಕಡ್ಡಾಯ ವಿಮೆಯ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸಾವಿರ ಸಿ.ಸಿ.ವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಅಲ್ಲಿಂದ ಒಂದೂವರೆ ಸಾವಿರದವರೆಗೆ 3,416, ಅದಕ್ಕೂ ಮೇಲ್ಪಟ್ಟರೆ 7,897. ಪಟ್ಟಿ ಕೇಳುವುದು ಇಂಜಿನ್ನಿನ ಗಾತ್ರವನ್ನು. ಚುಕ್ಕಾಣಿ ಹಿಡಿದವನ ಗುಣವನ್ನಲ್ಲ. ಮೂವತ್ತು ವರ್ಷ ಒಂದು ನಾಯಿಗೂ ನೋವುಮಾಡದೆ ಕಾರು ನಡೆಸಿದ ಮಾಸ್ತರಿಗೂ ಮೂರು ಸಲ ಕುಡಿದು ಸಿಕ್ಕಿಬಿದ್ದ ಮಹಾಶಯನಿಗೂ ಒಂದೇ ದರ. ಸ್ವಂತ ವಾಹನದ ಹಾನಿಗೆ ಮಾಡಿಸುವ ವಿಮೆಯಲ್ಲಿ ಐದು ವರ್ಷ ಪರಿಹಾರ ಕೇಳದವನಿಗೆ ಶೇಕಡಾ 50ರಷ್ಟು ಬಿಡುವುಂಟು. ಅಲ್ಲಿಯೂ ಎಣಿಕೆಗೆ ಬರುವುದು ಪರಿಹಾರದ ಬೇಡಿಕೆ, ಅಪರಾಧವಲ್ಲ.

ಇದನ್ನು ತಿದ್ದುವ ಯತ್ನವೊಂದು ನಡೆಯದೆ ಇರಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ನೇಮಿಸಿದ ಕಾರ್ಯತಂಡ 2021ರ ಜನವರಿಯಲ್ಲಿ ‘ಸಂಚಾರ ಉಲ್ಲಂಘನೆಯ ಕಂತು’ ಎಂಬ ಹೊಸ ಬಾಬನ್ನೇ ಸೂಚಿಸಿತು. ಕುಡಿದು ನಡೆಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10 ಅಂಕ. ಅಂಕ ಬೆಳೆದಂತೆ ಕಂತೂ ಬೆಳೆಯಬೇಕು. ಮೊದಲ ಪ್ರಯೋಗ ದೆಹಲಿಯಲ್ಲಾಗಲಿ ಎಂದೂ ಹೇಳಿತು. ಆದರೆ ಶಿಫಾರಸು ಶಿಫಾರಸಾಗಿಯೇ ವರ್ಷಗಳು ಉರುಳಿದವು.

ಹಾಗಾದರೆ ಈ ದೇಶದಲ್ಲಿ ಅಪರಾಧಿ ಅಗ್ಗವಾಗಿ ಪಾರಾದನೆ? ಇಲ್ಲ. ಅಮೆರಿಕದವನು ಕಂತುಕಂತಾಗಿ ತೆರುವುದನ್ನು ಇಲ್ಲಿಯವನು ಒಂದೇ ಏಟಿಗೆ ತೆರುತ್ತಾನೆ. ಹೆಚ್ಚಿನ ವೇಳೆ ತೆರುವವನು ಅಪರಾಧಿಯೂ ಅಲ್ಲ, ಅವನ ಕೈಗೆ ಕೀಲಿಕೈ ಕೊಟ್ಟ ಮಾಲೀಕ.

ಲೈಸೆನ್ಸಿಲ್ಲದ ನೆಂಟನಿಗೆ ಒಬ್ಬಾತ ಮೋಟಾರು ಸೈಕಲ್ಲು ಕೊಟ್ಟನೆನ್ನಿ, ಅವನು ದಾರಿಯಲ್ಲಿ ಕೂಲಿಯವನೊಬ್ಬನನ್ನು ಕೆಡವಿದ, ಆತ ತೀರಿಕೊಂಡ. ನ್ಯಾಯಮಂಡಲಿ ಹತ್ತು ಲಕ್ಷ ಪರಿಹಾರ ವಿಧಿಸಿತು. ವಿಮೆಯೇ ಇಲ್ಲದಿದ್ದರೆ ಆ ಹತ್ತು ಲಕ್ಷವೂ ಮಾಲೀಕನದೆ. 2019ರ ತಿದ್ದುಪಡಿ ಗೊತ್ತುಮಾಡಿದ ಮೊದಲ ಸಲದ ಎರಡು ಸಾವಿರದ ದಂಡವಾಗಲಿ ಮೂರು ತಿಂಗಳವರೆಗಿನ ಸೆರೆಯಾಗಲಿ ಅದರ ಮುಂದೆ ಏನೂ ಅಲ್ಲ. ಸರಿ, ವಿಮೆ ಇದ್ದಿತೆನ್ನಿ. ಆಗ 2004ರಲ್ಲಿ ಸುಪ್ರೀಂ ಕೋರ್ಟು ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ವಿವರಿಸಿದ ತತ್ತ್ವ ಎದುರಾಗುತ್ತದೆ. ಕಂಪನಿ ಮೊದಲು ಸತ್ತವನ ಮನೆಯವರಿಗೆ ಹಣ ಕೊಡಲಿ, ಬಳಿಕ ಷರತ್ತು ಮುರಿದ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬುದು ಅದರ ಸಾರ. ಇಂಥ ಪರಿಹಾರದ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯಿದೆಯ 174ನೆಯ ಕಲಮು ಅವಕಾಶವಿತ್ತಿದೆ. ಕಂದಾಯದ ಬಾಕಿಗೆ ಜಮೀನು, ಮನೆ ಹರಾಜಾಗುವುದನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೋಟಾರಿನ ಕಾಗದವನ್ನು ನಂಬಿದವನು ಕೊನೆಗೆ ಪೆಟ್ಟಿಗೆಯಿಂದ ಮನೆಯ ಪತ್ರವನ್ನು ಹೊರತೆಗೆಯಬೇಕಾಗಿ ಬರುವುದು ಹೀಗೆ.

ಅದೇ ತೀರ್ಪಿನಲ್ಲಿ ಮಾಲೀಕನಿಗೊಂದು ಆಸರೆಯೂ ಉಂಟು. ಡ್ರೈವರನ ಲೈಸೆನ್ಸು ನೋಡಿ, ತಕ್ಕಷ್ಟು ಎಚ್ಚರ ವಹಿಸಿ ವಾಹನ ಕೊಟ್ಟವನನ್ನು, ಆ ಲೈಸೆನ್ಸು ಆಮೇಲೆ ಖೋಟಾ ಎಂದು ತಿಳಿದುಬಂದ ಮಾತ್ರಕ್ಕೆ ತಪ್ಪಿತಸ್ಥನೆನ್ನಲಾಗದು. ಅವನ ಅಲಕ್ಷ್ಯವನ್ನು ಸಾಧಿಸುವ ಹೊಣೆ ಕಂಪನಿಯದು. ಲಾರಿ, ಟ್ಯಾಕ್ಸಿಗಳನ್ನಿಟ್ಟುಕೊಂಡವರು ಇದನ್ನು ನೆನಪಿನಲ್ಲಿಡುವುದೊಳ್ಳೆಯದು. ಲೈಸೆನ್ಸು ಅಮಾನತಾದ ಡ್ರೈವರನನ್ನು ತಿಳಿದೂ ತಿಳಿದೂ ಗಾಡಿಗೆ ಕೂರಿಸಿದವನಿಗೆ ಮಾತ್ರ ಈ ಆಸರೆಯಿಲ್ಲ.

ಕುಡಿತದ ಮಾತು ಇನ್ನೂ ಬಿಗಿ. ನೂರು ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಮೊದಲ ಸಲ ಹತ್ತು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. 2019ರ ತಿದ್ದುಪಡಿ, ಕುಡಿದು ನಡೆಸಿದ್ದನ್ನು ವಿಮಾ ಕಂಪನಿ ತನ್ನ ಪರವಾಗಿ ಎತ್ತಬಹುದಾದ ವಾದಗಳ ಸಾಲಿಗೂ ಸೇರಿಸಿತು. ಆ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದೆಹಲಿಯ ಇಂಡಿಯಾ ಗೇಟಿನ ಬಳಿ 2007ರ ಡಿಸೆಂಬರಿನಲ್ಲಿ ಪೋರ್ಶೆ ಕಾರೊಂದು ಡಿಕ್ಕಿ ಹೊಡೆದು ಉರಿದುಹೋಯಿತು. ಉಸಿರಿನ ಪರೀಕ್ಷೆಯಾಗಲಿ ರಕ್ತಪರೀಕ್ಷೆಯಾಗಲಿ ಇಲ್ಲದಿದ್ದರೂ ಉಳಿದ ಸಾಕ್ಷ್ಯದಿಂದ ಕುಡಿತ ಸಾಬೀತಾಗುತ್ತದೆಂದು 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕಾರಿನ ಬೆಲೆ ಬೂದಿಯಾಯಿತು.

ಹೈಸ್ಕೂಲಿನ ಮಗನಿಗೆ ಮೋಟಾರು ಸೈಕಲ್ಲು ಕೊಟ್ಟ ತಂದೆಗೆ 25 ಸಾವಿರ ದಂಡವೆಂಬ ಸುದ್ದಿ ಶಿವಮೊಗ್ಗ ಜಿಲ್ಲೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಯಿದೆಯ ಪ್ರಕಾರ ಮೂರು ವರ್ಷದವರೆಗೆ ಸೆರೆಯೂ ಆಗಬಹುದು, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ದಂಡ ಕಟ್ಟಿ ಗೊಣಗುತ್ತ ಮನೆಗೆ ಬಂದ ತಂದೆ ಒಂದು ರೀತಿಯಲ್ಲಿ ಅದೃಷ್ಟವಂತ. ಅಂದು ಯಾರೂ ಸತ್ತಿರಲಿಲ್ಲ.

ಇಷ್ಟೆಲ್ಲ ಇತರರಿಗಾದ ಹಾನಿಯ ಮತ್ತು ವಾಹನದ ಕಥೆ. ಚುಕ್ಕಾಣಿ ಹಿಡಿದವನೇ ತೀರಿಕೊಂಡರೆ? ಭದ್ರಾವತಿಯನ್ನು ಹಾದುಹೋಗುವ ಬಿ.ಎಚ್. ರಸ್ತೆಯಲ್ಲಿಯೇ ಬೆಂಗಳೂರ ಕಡೆಗೆ ಹೊರಟರೆ ತರೀಕೆರೆ, ಕಡೂರು ದಾಟಿ ಅರಸೀಕೆರೆ ಸಿಗುತ್ತದೆ. ಆ ಊರಿನ ಸಮೀಪ 2014ರ ಜೂನ್ 18ರಂದು ಕಾರೊಂದು ಉರುಳಿತು. ನಡೆಸುತ್ತಿದ್ದವನು ಗುತ್ತಿಗೆದಾರ, ಜೊತೆಗೆ ತಂದೆ, ತಂಗಿ, ತಂಗಿಯ ಮಕ್ಕಳು. ಅವನು ಬದುಕಲಿಲ್ಲ. ಹೆಂಡತಿ, ಮಗ, ತಂದೆತಾಯಿಗಳು 80 ಲಕ್ಷ ರೂಪಾಯಿ ಪರಿಹಾರ ಕೇಳಿದರು. ಟೈರು ಸಿಡಿದದ್ದೇ ಕಾರಣವೆಂಬುದು ಅವರ ವಾದ. ಅತಿವೇಗ, ಅಜಾಗರೂಕತೆ ಎಂಬುದು ಪೋಲೀಸರ ದೋಷಾರೋಪ. ತನ್ನ ತಪ್ಪಿನಿಂದ ತಾನೇ ಮಡಿದವನ ವಾರಸುದಾರರಿಗೆ ಪರಿಹಾರ ಸಲ್ಲದೆಂದು ನ್ಯಾಯಮಂಡಲಿ ಹೇಳಿತು; 2024ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. 2025ರ ಜುಲೈ 2ರಂದು ಸುಪ್ರೀಂ ಕೋರ್ಟು ಕೈಹಾಕಲು ಒಪ್ಪಲಿಲ್ಲ. ಕಾರು ಉರುಳಿದ ದಿನದಿಂದ ಆ ದಿನದವರೆಗೆ ಹನ್ನೊಂದು ವರ್ಷ, ಎರಡು ವಾರ.