ಹಾಸಿಗೆ ಬದಿಗೆ ಬರುವ ಸಾಹೇಬರು

ಮನೆಯ ಹಿರಿಯರು ಹಾಸಿಗೆ ಹಿಡಿದ ಮೇಲೇ ಹೊಲ ಯಾರಿಗೆ, ಮನೆ ಯಾರಿಗೆ ಎಂಬ ಮಾತು ಏಳುತ್ತದೆ. ಚಚಡಿಯಂಥ ಹಳ್ಳಿಯಿಂದ ತಾಲೂಕು ಊರಿನ ನೋಂದಣಿ ಕಚೇರಿಗೆ ಅವರನ್ನು ಕರೆದೊಯ್ಯುವ ಸ್ಥಿತಿ ಆಗ ಉಳಿದಿರುವುದಿಲ್ಲ. ‘ಸಾಹೇಬ್ರು ಮನಿಗೇ ಬರ್ತಾರೇನ್ರಿ?’ ಎಂದು ಬಾಂಡ್ ರೈಟರನ್ನು ಕೇಳುತ್ತಾರೆ. ಸಾಹೇಬರು, ಅಂದರೆ ಉಪನೋಂದಣಾಧಿಕಾರಿ, ಬರಬಹುದು. 1908ರ ನೋಂದಣಿ ಕಾಯ್ದೆಯ 31 ಮತ್ತು 38ನೇ ಕಲಂಗಳಲ್ಲಿ ಆ ದಾರಿ ಇದೆ.

ಸಾವಿನ ಅಂಚಿನ ಕಾಗದಕ್ಕೆ ಸಾಕ್ಷಿ ಎಷ್ಟು ಮುಖ್ಯವೆಂದು ಕಿತ್ತೂರು ಸೀಮೆಗೆ ಬಿಡಿಸಿ ಹೇಳಬೇಕಿಲ್ಲ. 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ದೊರೆ ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. ಸಾಯುವ ಮೊದಲು ದತ್ತು ತೆಗೆದುಕೊಂಡಿದ್ದಾನೆ ಎಂಬ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆ ಕೈಸೇರಿತು. ಆತ ಅದರ ಸಾಚಾತನವನ್ನೇ ಅನುಮಾನಿಸಿದ. ಖಜಾನೆಗೆ ಬೀಗಮುದ್ರೆ ಬಿತ್ತು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ನೂರು ಸಾಕ್ಷಿಗಳಿದ್ದರೂ ಈಸ್ಟ್ ಇಂಡಿಯಾ ಕಂಪನಿ ಸುಮ್ಮನಿರುತ್ತಿತ್ತೆಂದು ನನಗಂತೂ ಅನ್ನಿಸುವುದಿಲ್ಲ, ಆ ಮಾತು ಬೇರೆ.

ಜನಸಾಮಾನ್ಯರಿಗೆ ಆಗ ಕಾಗದವೇ ಬೇಕಿರಲಿಲ್ಲ. ಮುಂಬಯಿ ಪ್ರಾಂತದ ಈ ಹಳ್ಳಿಗಳಲ್ಲಿ ಹಿಂದೂಗಳ ಬಾಯಿಮಾತಿನ ಮೃತ್ಯುಪತ್ರವೂ ನಡೆಯುತ್ತಿತ್ತು. 1927ರ ಜನವರಿ 1ರಿಂದ ಅದು ನಿಂತಿತು: ಬರಹ ಬೇಕು, ಸಹಿ ಅಥವಾ ಹೆಬ್ಬೆಟ್ಟು ಬೇಕು, ಇಬ್ಬರು ಸಾಕ್ಷಿಗಳು ಬೇಕು. ನೋಟರಿ ಕಾಯ್ದೆ ಬಂದದ್ದು 1952ರಲ್ಲಿ. ಅಫಿಡವಿಟ್, ಮುಖತ್ಯಾರ ಪತ್ರಕ್ಕೆ ನೋಟರಿಯ ಮುದ್ರೆ ಸರಿ. ಮೃತ್ಯುಪತ್ರದಲ್ಲಿ ಮಾತ್ರ ಅದು ಆ ಇಬ್ಬರು ಸಾಕ್ಷಿಗಳ ಜಾಗ ತುಂಬದು. ಮೃತ್ಯುಪತ್ರದ ನೋಂದಣಿಯೂ ಕಡ್ಡಾಯವಲ್ಲ. ಆದರೂ ಜನ ಸಾಹೇಬರನ್ನು ಕರೆಸುತ್ತಾರೆ, ನಾಳೆ ಅಣ್ಣತಮ್ಮಂದಿರು ಕೋರ್ಟು ಹತ್ತಿದರೆ ಇರಲಿ ಎಂದು.

ಬಂದವರು ಮೊದಲು ಮಾತಿಗಿಳಿಯುತ್ತಾರೆ. ಹೆಸರೇನು, ಮಕ್ಕಳೆಷ್ಟು, ಇದರಲ್ಲಿ ಏನು ಬರೆಸಿದ್ದೀರಿ? ಮಗ ಬಾಯಿ ಹಾಕಿದರೆ, ‘ನೀವು ಹೊರಗ ಹೋಗ್ರಿ, ಅವರ ಹೇಳ್ಲಿ’. ಬುದ್ಧಿ ಸ್ಥಿಮಿತದಲ್ಲಿಲ್ಲ ಎನ್ನಿಸಿದರೆ ನೋಂದಣಿ ನಿರಾಕರಿಸಬೇಕು. 35ನೇ ಕಲಂ ಹಾಗೆನ್ನುತ್ತದೆ. ದುಡಿದು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗುವುದಿಲ್ಲ; ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒತ್ತಿಸಬೇಕು.

ಇಷ್ಟಾದರೂ ಕೋರ್ಟು ಕಣ್ಣುಮುಚ್ಚಿ ನಂಬುವುದಿಲ್ಲ. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1958ರಲ್ಲೇ ಹೇಳಿದೆ: ಸಂಶಯ ಹುಟ್ಟಿಸುವ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಮೃತ್ಯುಪತ್ರ ಮುಂದಿಡುವವರದು. ನೋಂದಣಿಯಾಗಿದ್ದರೂ ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದರೆ ಕಟಕಟೆ ಹತ್ತಿ ಹೇಳಬೇಕು. ಅದಕ್ಕೇ ಅನುಭವಸ್ಥ ವಕೀಲರು ಮುದುಕರ ಓರಗೆಯವರನ್ನು ಸಾಕ್ಷಿಗೆ ಕೂಡಿಸುವುದಿಲ್ಲ. ಊರಲ್ಲೇ ಇರುವ ಗಟ್ಟಿಮುಟ್ಟಾದ ಹರೆಯದವರನ್ನು ಹುಡುಕುತ್ತಾರೆ.