ಎಷ್ಟು ಇಳಿದಿದ್ದಾರೆ ಎಂದು ಕೇಳಿ

ಬೆಂಗಳೂರಿನ ಹೊಸಕೆರೆಹಳ್ಳಿಯ ಮನೆಯೊಂದರಿಂದ ಜಠರದ ಕ್ಯಾನ್ಸರ್ ಆದ ಹಿರಿಯರನ್ನು ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೀರಿ ಎಂದುಕೊಳ್ಳೋಣ. 1973ರಿಂದ ನಡೆಯುತ್ತಿರುವ ಈ ಆಸ್ಪತ್ರೆಗೆ ನಾಡಿನ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಸ್ಕ್ಯಾನು, ಬಯಾಪ್ಸಿ ವರದಿಗಳನ್ನೆಲ್ಲ ಜೋಪಾನವಾಗಿ ಫೈಲಿಗೆ ಸೇರಿಸಿರುತ್ತೀರಿ. ಆರು ತಿಂಗಳ ಹಿಂದೆ ಅವರ ತೂಕ ಎಷ್ಟಿತ್ತು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇವತ್ತಿನ ತೂಕವನ್ನಷ್ಟೇ ನಂಬಿದರೆ ಮೋಸಹೋಗುತ್ತೇವೆ. 80 ಕಿಲೋ ಇದ್ದವರು 70ಕ್ಕೆ ಇಳಿದರೂ ಗುಂಡಗೇ ಕಾಣುತ್ತಾರೆ. ನೋಡಲು ಬಂದ ನೆಂಟರು ‘ಚೆನ್ನಾಗೇ ಇದ್ದಾರಲ್ಲ’ ಎನ್ನುತ್ತಾರೆ. ಆದರೆ ಅವರು ಕಳೆದುಕೊಂಡದ್ದು ಶೇ. 12.5. ತಾವಾಗಿ ಇಳಿಸಿಕೊಳ್ಳದೆ ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ಅದನ್ನು ಕ್ಯಾನ್ಸರಿನ ಸೊರಗು ಎಂದೇ ಎಣಿಸಬೇಕೆಂದು 2011ರಲ್ಲಿ ತಜ್ಞರು ಒಮ್ಮತಕ್ಕೆ ಬಂದರು. ಇದಕ್ಕೆ ತದ್ವಿರುದ್ಧವೂ ಉಂಟು: ಹೊಟ್ಟೆಯಲ್ಲಿ ನೀರು ತುಂಬಿ ಕಾಲು ಬಾತರೆ ತೂಕ ಏರುತ್ತದೆ, ಒಳಗೆ ಮಾಂಸಖಂಡ ಕರಗುತ್ತಲೇ ಇರುತ್ತದೆ.

ಹಾಗಾಗಿಯೇ ಕಣ್ಣು, ಕೈಗಳಿಗೆ ಇಲ್ಲಿ ದೊಡ್ಡ ಕೆಲಸ. ರೋಗಿಯ ಪೋಷಣೆ ಹೇಗಿದೆ ಎಂದು ಅಳೆಯಲು ಕೆನಡಾದ ಡೆಟ್‌ಸ್ಕಿ ಮತ್ತು ಸಂಗಡಿಗರು 1987ರಲ್ಲಿ ವಿವರಿಸಿದ ವಿಧಾನಕ್ಕೆ ಯಂತ್ರವೇ ಬೇಡ. ಊಟ ಎಷ್ಟು ಕಡಿಮೆಯಾಗಿದೆ, ಗಟ್ಟಿ ಪದಾರ್ಥ ಇಳಿಯುತ್ತದೆಯೇ, ವಾಂತಿ ಭೇದಿ ಉಂಟೇ, ಎದ್ದು ಓಡಾಡುತ್ತಾರೆಯೇ ಎಂದು ಕೇಳುತ್ತಾರೆ. ಕಣತಲೆ ಗುಳಿಬಿದ್ದಿದೆಯೇ, ಭುಜದ ಮೂಳೆ ಎದ್ದು ಕಾಣುತ್ತಿದೆಯೇ, ತೋಳಿನ ಚರ್ಮದಡಿ ಕೊಬ್ಬು ಉಳಿದಿದೆಯೇ ಎಂದು ಮುಟ್ಟಿ ನೋಡುತ್ತಾರೆ. ಎಲ್ಲವನ್ನೂ ತೂಗಿ ಎ, ಬಿ, ಸಿ ಎಂದು ಗುರುತು ಹಾಕುತ್ತಾರೆ. ಸಿ ಎಂದರೆ ತೀವ್ರ ಅಪೌಷ್ಟಿಕತೆ. ರಕ್ತದ ಅಲ್ಬುಮಿನ್ ಇಳಿದಿದ್ದರೆ ‘ಊಟ ಸಾಲದು’ ಎನ್ನುವುದು ಹಳೆಯ ರೂಢಿ. ಉರಿಯೂತ ಬಂದರೂ ಅದು ಇಳಿಯುತ್ತದೆ, ಅದೊಂದನ್ನೇ ನೆಚ್ಚುವಂತಿಲ್ಲ.

ಇನ್ನು ಗಂಜಿಯ ವಿಷಯ. ನುಂಗಲಾಗದವರಿಗೆ ನಮ್ಮ ಮನೆಗಳಲ್ಲಿ ಮೊದಲು ಕೊಡುವುದೇ ತೆಳ್ಳನೆಯ ರಾಗಿ ಗಂಜಿ. ಅಕ್ಕರೆಯಿಂದಲೇ ಕೊಡುತ್ತೇವೆ. ಆದರೆ ಲೆಕ್ಕ ಹಾಕಿ: ಒಂದು ಲೋಟಕ್ಕೆ 20 ಗ್ರಾಂ ಹಿಟ್ಟು ಬಿದ್ದರೆ ಸಿಗುವುದು ಸುಮಾರು 65 ಕ್ಯಾಲೊರಿ, ಒಂದೂವರೆ ಗ್ರಾಂ ಪ್ರೋಟೀನು. 50 ಕಿಲೋ ತೂಕದ ರೋಗಿಗೆ ದಿನಕ್ಕೆ 1,250ರಿಂದ 1,500 ಕ್ಯಾಲೊರಿ, 50 ಗ್ರಾಂಗೆ ಕಡಿಮೆಯಿಲ್ಲದಂತೆ ಪ್ರೋಟೀನು ಬೇಕು. ಆರು ಲೋಟ ಕುಡಿದರೂ ಕ್ಯಾಲೊರಿ ಮೂರನೇ ಒಂದು ಪಾಲನ್ನೂ ಮುಟ್ಟದು, ಪ್ರೋಟೀನಂತೂ ಐದನೇ ಒಂದು ಪಾಲೂ ಇಲ್ಲ. ಅದೇ ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಕಾಯಿಸಿ, ಒಂದು ಚಮಚ ತುಪ್ಪ ಹಾಕಿ, ಜೊತೆಗೆ ಮೊಟ್ಟೆಯನ್ನೋ ನುಣ್ಣಗೆ ಅರೆದ ಬೇಳೆಯನ್ನೋ ಕೊಟ್ಟರೆ ಲೆಕ್ಕವೇ ಬದಲಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು, ಕರುಳು ಕಟ್ಟಿಕೊಂಡವರು ಮೊದಲು ಆಹಾರ ತಜ್ಞರನ್ನು ಕೇಳಬೇಕು.

ತೀರಾ ಸೊರಗಿದವರಿಗೆ ಆಪರೇಷನ್ನಿಗೆ ಮುಂಚೆ 7ರಿಂದ 14 ದಿನ ಬರೀ ಪೋಷಣೆಗೆಂದೇ ಕೊಡುವುದುಂಟು. ಬೇಕಾದರೆ ಮೂಗಿನ ಕೊಳವೆಯಿಂದಲೋ ಸಣ್ಣ ಕರುಳಿಗೆ ಹಾಕಿದ ಕೊಳವೆಯಿಂದಲೋ ಉಣಿಸುತ್ತಾರೆ. ‘ಗಡ್ಡೆ ತೆಗೆಯುವುದು ಬಿಟ್ಟು ಊಟ ಹಾಕುತ್ತಾ ಕೂತಿದ್ದಾರೆ’ ಎಂದು ಮನೆಯವರು ಕಳವಳಪಡುವುದು ಸಹಜ. ಆದರೆ ಸೊರಗಿದ ಮೈಯಲ್ಲಿ ಹೊಲಿಗೆ ಕೂಡುವುದು ಕಷ್ಟ, ಸೋಂಕು ತಗಲುವುದು ಸುಲಭ. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ತುಂಬ ಉಣಿಸುವಂತೆಯೂ ಇಲ್ಲ. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯದ ಬಡಿತ ತಪ್ಪಬಹುದು. ಅಂಥವರಿಗೆ ಥಯಾಮಿನ್ ವಿಟಮಿನ್ ಮೊದಲು ಕೊಟ್ಟು, ರಕ್ತ ಪರೀಕ್ಷೆ ನೋಡುತ್ತಾ, ಊಟವನ್ನು ದಿನದಿಂದ ದಿನಕ್ಕೆ ಏರಿಸುತ್ತಾರೆ.