ಮೀನುಪೇಟೆಯ ಮಾತು ಕವಿತೆಯಾಗಲಿ

ಭಟ್ಕಳದ ಮೀನುಪೇಟೆಯಲ್ಲಿ ಬಂಗಡೆಯ ಬೆಲೆಯನ್ನು ಕನ್ನಡದಲ್ಲಿ ಕೇಳುವವರಿದ್ದಾರೆ, ಕೊಂಕಣಿಯಲ್ಲಿ ಚೌಕಾಸಿ ಮಾಡುವವರಿದ್ದಾರೆ, ನವಾಯತಿಯಲ್ಲಿ ಗೊಣಗುವವರೂ ಇದ್ದಾರೆ. ವ್ಯಾಪಾರ ಮಾತ್ರ ನಿಲ್ಲುವುದಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಕುಮಟಾ ತಾಲ್ಲೂಕಿನ ತದಡಿ ಬಂದರಿನಲ್ಲಿ ದೋಣಿಯಿಂದ ಇಳಿಯುವವರ ಮಾತೂ ಹೀಗೆಯೇ ಬೆರೆತದ್ದು. ಆದರೆ ದುಡಿಯುವವರ ಈ ಕೂಡುಬದುಕು ನಮ್ಮ ಕಾವ್ಯದಲ್ಲಿ ಎಷ್ಟು ಮೂಡಿದೆ?

ಈ ಕರಾವಳಿಗೆ ಪರಂಪರೆಯ ಕೊರತೆಯಿಲ್ಲ. ಅಂಕೋಲೆಯ ದಿನಕರ ದೇಸಾಯಿ (1909–1982) ಗೇಣಿದಾರರ ಪರವಾಗಿ ಹೋರಾಡಿ 1940ರಲ್ಲಿ ಜಿಲ್ಲೆಯಿಂದ ಗಡೀಪಾರಾದವರು. ಮುಂಬಯಿಯಲ್ಲಿ ನಾವಿಕ ಕಾರ್ಮಿಕರ ನಡುವೆ ದುಡಿದವರು. ಅವರ ಚುಟುಕಗಳು ಓದು ಬಲ್ಲ ಯಾರಿಗೂ ಎಟಕುವಂತಿದ್ದವು. ಹೊನ್ನಾವರ ತಾಲ್ಲೂಕಿನ ಕಡತೋಕಾದ ವಿ.ಜಿ. ಭಟ್ಟರು ದಿನನಿತ್ಯದ ಬದುಕಿಗೆ ವಿಡಂಬನೆಯ ಕನ್ನಡಿ ಹಿಡಿದರು. ಗೋಕರ್ಣದ ಜಯಂತ ಕಾಯ್ಕಿಣಿಯವರು ಮುಂಬಯಿಯ ಸಾಮಾನ್ಯರ ಗಲ್ಲಿಗಳನ್ನು ಕನ್ನಡದ ಮನೆಯಂಗಳಕ್ಕೆ ತಂದರು.

ಇಲ್ಲೊಂದು ವಿಪರ್ಯಾಸವಿದೆ. ಮುಂಬಯಿಯ ಗಲ್ಲಿಯನ್ನು ಕನ್ನಡದಲ್ಲಿ ಓದಬಲ್ಲ ನಮಗೆ ಭಟ್ಕಳದ ಗಲ್ಲಿ ಅಪರಿಚಿತ. ಕೊಂಕಣಿಯ ಬಂಧುವಾದ ನವಾಯತಿಯನ್ನು ಅರಬ್ಬಿ–ಪಾರಸಿ ಮೂಲದ ಲಿಪಿಯಲ್ಲಿ ಬರೆಯುವುದು ರೂಢಿ. ಕೊಲ್ಲಿಗೆ ಹೋದ ಮಗನಿಗಾಗಿ ಕಾಯುವ ತಾಯಿಯ ಕುರಿತು ಆ ಲಿಪಿಯಲ್ಲೊಂದು ಕವಿತೆ ಹುಟ್ಟಿದರೆ, ಎದುರು ಮನೆಯ ಕನ್ನಡಿಗನಿಗೆ ಅದು ಮುಚ್ಚಿದ ಬಾಗಿಲು. ಕೇಳಿದರೆ ಅರ್ಧ ತಿಳಿಯುವ ಮಾತು, ನೋಡಿದರೆ ಒಂದಕ್ಷರವೂ ತಿಳಿಯುವುದಿಲ್ಲ.

ಇದು ಕೇವಲ ಸಾಹಿತ್ಯದ ನಷ್ಟವಲ್ಲ. 1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಕೋಮುಗಲಭೆಯಲ್ಲಿ ಬೆಂದಿತು; 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟಾಗಳೂ ಉದ್ವಿಗ್ನಗೊಂಡವು. ಅಂದಿನಿಂದ ಈ ಊರುಗಳ ಹೆಸರು ಹೊರಗಿನವರ ಕಿವಿಗೆ ಬೀಳುವುದು ಹೆಚ್ಚಾಗಿ ಬಂದೋಬಸ್ತಿನ ಸುದ್ದಿಯಾಗಿ. ಕವಿತೆಯಿಂದ ಕಲ್ಲುತೂರಾಟ ನಿಲ್ಲುತ್ತದೆಯೇ ಎಂದು ಕೇಳಬಹುದು. ನಿಲ್ಲಲಾರದು, ನಿಜ. ಆದರೆ ನೆರೆಮನೆಯವನ ಸಾಲ, ಕಾಯಿಲೆ, ಮಗಳ ಮದುವೆಯ ಚಿಂತೆ ತಿಳಿದವನಿಗೆ ಅವನ ಕುರಿತ ವದಂತಿಯನ್ನು ಒಮ್ಮೆಲೇ ನಂಬುವುದು ಕಷ್ಟವಾಗುತ್ತದೆ. ಅಷ್ಟು ಅನುಮಾನ ಹುಟ್ಟಿದರೂ ಸಣ್ಣ ಸಾಧನೆಯಲ್ಲ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಹಾಲಕ್ಕಿ ಮೊದಲಾದ ಸಮುದಾಯಗಳ ಹಾಡುಗಳನ್ನು ಸಂಗ್ರಹಿಸಿ ಮುದ್ರಣಕ್ಕೆ ತಂದ ಮಾದರಿ ಕಣ್ಣೆದುರಿಗಿದೆ. ಅಂಥದೇ ಶ್ರದ್ಧೆಯಿಂದ ನವಾಯತಿ ಕವಿತೆಗಳನ್ನು ಕನ್ನಡ ಲಿಪಿಗೆ ಇಳಿಸಿ, ಪಕ್ಕದಲ್ಲಿ ಅನುವಾದ ಕೊಟ್ಟು ಪ್ರಕಟಿಸಬಹುದು. ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಇದಕ್ಕೆ ಕೈಜೋಡಿಸಬಹುದು. ಈ ಮೂರೂ ಊರುಗಳ ಕಾಲೇಜು ವಾರ್ಷಿಕ ಸಂಚಿಕೆಗಳಲ್ಲಿ ಮೀನು ಮಾರುವ, ಚಿಪ್ಪು ಆಯುವ, ಬೀಡಾ ಅಂಗಡಿ ನಡೆಸುವ ಮನೆಗಳ ಮಕ್ಕಳು ತಮ್ಮ ಮನೆಮಾತಿನಲ್ಲೇ ಬರೆಯಲಿ.

ಮೀನುಪೇಟೆಯಲ್ಲಿ ಭಾಷೆ ಬೇರೆಯಾದರೂ ತಕ್ಕಡಿ ಒಂದೇ. ಆ ವಿಶ್ವಾಸ ಪುಸ್ತಕದ ಪುಟಕ್ಕೂ ಬರಬೇಕು.